ಗೋಕರ್ಣದಲ್ಲಿ 45 ದಿನದ ರೊಟ್ಟಿ ಊಟ: ಕೊಪ್ಪಳದ ಖಾನಾವಳಿಯೊಂದರ ಬೇಸಿಗೆ ಲೆಕ್ಕ

ಏಪ್ರಿಲ್ ಎರಡನೇ ವಾರ ಶಾಲೆಗೆ ರಜೆ ಬಿತ್ತೆಂದರೆ ಕೊಪ್ಪಳ, ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆಯ ಕ್ರೂಸರ್ ಗಾಡಿಗಳು ಹುಬ್ಬಳ್ಳಿ ದಾಟಿ ಅರಬೈಲ್ ಘಟ್ಟ ಇಳಿಯತೊಡಗುತ್ತವೆ. ಗೋಕರ್ಣ, ಇಡಗುಂಜಿ, ಮುರ್ಡೇಶ್ವರ, ಕೆಲವರು ಧರ್ಮಸ್ಥಳದವರೆಗೂ. ಗಾಡಿಯ ಮೇಲೆ ಹಾಸಿಗೆ, ಒಳಗೆ ಬುತ್ತಿ: ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು. ಮೊದಲ ದಿನಕ್ಕೆ ಬುತ್ತಿ ಸಾಕು. ಎರಡನೇ ದಿನ ಮಧ್ಯಾಹ್ನದ ಹೊತ್ತಿಗೆ ರೊಟ್ಟಿ ಮೆತ್ತಗಾಗಿರುತ್ತದೆ, ಮೊಸರು ಹುಳಿಯೊಡೆದಿರುತ್ತದೆ, ಕುಚ್ಚಲಕ್ಕಿ ಅನ್ನ ಮನೆಯ ಹಿರಿಯರ ಬಾಯಿಗೆ ಹತ್ತುವುದಿಲ್ಲ. ಆಗ ಬರುವ ಮಾತು ಒಂದೇ: "ಇಲ್ಲಿ ಎಲ್ಲ್ಯಾರ ರೊಟ್ಟಿ ಸಿಗತೈತೇನು?" ಇಲ್ಲಿಯ ಲೆಕ್ಕವೆಲ್ಲ ನಿಂತಿರುವುದು ಆ ಎರಡನೇ ದಿನದ ಹಸಿವಿನ ಮೇಲೆ.

ಕೊಪ್ಪಳದಲ್ಲಿ ಒಂದು ಸಸ್ಯಾಹಾರಿ ಖಾನಾವಳಿ ಇದೆ ಅಂದುಕೊಳ್ಳಿ. 32 ಕುರ್ಚಿ, ಮೂವರು ರೊಟ್ಟಿ ಬಡಿಯುವವರು, ವರ್ಷಕ್ಕೆ ಸುಮಾರು 13 ಲಕ್ಷ ವಹಿವಾಟು. ಬೇಸಿಗೆಗೆ, ಅಂದರೆ ಏಪ್ರಿಲ್ 14ರಿಂದ ಮೇ 28ರವರೆಗಿನ 45 ದಿನಕ್ಕೆ ಮಾತ್ರ ಗೋಕರ್ಣದಲ್ಲಿ ಶಾಖೆ ತೆರೆಯಬೇಕೆಂಬುದು ಯೋಚನೆ. ಕೊಪ್ಪಳದಿಂದ ಗದಗ, ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ ಮೇಲೆ ಹಾದರೆ 270 ಕಿಲೋಮೀಟರ್ ಆಸುಪಾಸು, ಸಾಮಾನು ಗಾಡಿಗೆ ಏಳು ತಾಸಿನ ದಾರಿ. ಇಂಥ ಖಾನಾವಳಿ ಯಾವ ಊರಿನದಾದರೂ ಇರಬಹುದು. ಕೆಳಗಿನ ರೂಪಾಯಿ ಅಂಕಿಗಳು ಲೆಕ್ಕದ ದಾರಿ ತೋರಿಸಲು ಇಟ್ಟವು. ಹೊರಡುವವರು ಆ ವರ್ಷದ ದರ ಹಾಕಿ ಮತ್ತೆ ಮಾಡಿಕೊಳ್ಳಬೇಕು. ದಾರಿ ಮಾತ್ರ ಇದೇ ಇರಲಿ: ಸೀಸನ್ ಹೋಟೆಲನ್ನು ತೆರೆಯುವ ದಿನದಿಂದಲ್ಲ, ಮುಚ್ಚುವ ದಿನದಿಂದ ಹಿಂದಕ್ಕೆ ಎಣಿಸಿಕೊಂಡು ಕಟ್ಟಬೇಕು. ಮುಚ್ಚಿದ ದಿನ ಲಾರಿ ಹತ್ತಿ ಊರಿಗೆ ವಾಪಸ್ ಬರದ ವಸ್ತುವಿಗೆ ಹಾಕಿದ ಪ್ರತಿ ರೂಪಾಯಿಯನ್ನೂ ಬರೀ 45 ದಿನಕ್ಕೆ ಭಾಗಿಸಬೇಕು.

ಮೊದಲ ಯೋಜನೆ ಏಕೆ ಬೀಳುತ್ತದೆ

ಯಾರಿಗಾದರೂ ಮೊದಲು ಹೊಳೆಯುವುದು ಮರಳಿನ ಮೇಲೊಂದು ತಗಡಿನ ಶೆಡ್, ಎದುರಿಗೆ ಸಮುದ್ರ, ರೊಟ್ಟಿಯಿಂದ ಹಿಡಿದು ಮೀನು ಫ್ರೈ, ಗೋಬಿ ಮಂಚೂರಿವರೆಗೆ 60 ಬಗೆ, 12 ಜನ ಕೆಲಸಗಾರರು.

ಕಾನೂನು ಇಲ್ಲೇ ತಡೆಯುತ್ತದೆ. 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯ ಪ್ರಕಾರ ಕಡಲತೀರದಲ್ಲಿ ತಾತ್ಕಾಲಿಕ ಶೆಡ್ಡಿಗೆ ಜಾಗವೇನೋ ಇದೆ. ಆದರೆ ಅದು ಉಬ್ಬರದ ಗೆರೆಯಿಂದ ಕನಿಷ್ಠ 10 ಮೀಟರ್ ದೂರವಿರಬೇಕು, ರಾಜ್ಯದ ಪ್ರವಾಸೋದ್ಯಮ ಯೋಜನೆಯೊಳಗೆ ಬರಬೇಕು, ಅನುಮತಿ ಬೇಕು. ಫೆಬ್ರುವರಿಯಲ್ಲಿ ಅರ್ಜಿ ಹಾಕಿ ಏಪ್ರಿಲ್‌ನಲ್ಲಿ ಒಲೆ ಹಚ್ಚುವ ಕೆಲಸವಲ್ಲ ಇದು. ಅನುಮತಿ ಇಲ್ಲದೆ ಕಟ್ಟಿದ್ದು ಸೀಸನ್ ನಡುವೆ ತೆರವಾದರೆ ಉಳಿದ ದಿನಗಳ ಸಂಬಳ, ಬಾಡಿಗೆ, ಜೋಳ ಎಲ್ಲವೂ ಕೈಯಿಂದಲೇ ಹೋಗುತ್ತವೆ.

ಲೆಕ್ಕವೂ ತಡೆಯುತ್ತದೆ. ಶೆಡ್, ನೆಲ, ಚರಂಡಿ, ವೈರಿಂಗ್‌ಗೆ ವಾಪಸ್ ಬರದ ಖರ್ಚು ₹1,80,000 ಅಂದುಕೊಳ್ಳಿ. 45ರಿಂದ ಭಾಗಿಸಿದರೆ ದಿನಕ್ಕೆ ₹4,000. ಒಂದು ಊಟದಲ್ಲಿ ಸಾಮಾನಿನ ಖರ್ಚು ಕಳೆದು ₹68 ಉಳಿದರೆ ಶೆಡ್ಡಿಗಾಗಿಯೇ ದಿನಾ 59 ಊಟ ಹೋಗಬೇಕು. 12 ಜನಕ್ಕೆ ತಲಾ ₹650 ಕೂಲಿ ಅಂದರೆ ₹7,800, ಅದಕ್ಕೆ ಇನ್ನೂ 115 ಊಟ. ಬಾಡಿಗೆ, ಕರೆಂಟು ಎಣಿಸುವ ಮೊದಲೇ 174 ಊಟ ಆಯಿತು. ಹೊಸ ಬೋರ್ಡಿನ ಖಾನಾವಳಿಗೆ ವಾರದ ನಡುದಿನಗಳಲ್ಲಿ 90 ಊಟ ಹೋದರೆ ಒಳ್ಳೆಯ ವ್ಯಾಪಾರ.

ಮೀನಿನ ಬಗ್ಗೆ ಒಂದೇ ಮಾತು. ಕರಾವಳಿಯ ಅಡುಗೆಯವರ ಎದುರು ಕೊಪ್ಪಳದ ಕೈ ಮೀನಿನಲ್ಲಿ ಗೆಲ್ಲುವುದಿಲ್ಲ, ಗೆಲ್ಲಬೇಕಾದ ಅಗತ್ಯವೂ ಇಲ್ಲ. ದೇವಸ್ಥಾನಕ್ಕೆ ಬಂದ ಮನೆಮಂದಿಗೆ ಸಸ್ಯಾಹಾರದ ಬೋರ್ಡೇ ಮೊದಲ ಭರವಸೆ.

ಎರಡನೇ ಯೋಜನೆ

ಗೋಕರ್ಣದಲ್ಲಿ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ವಿದೇಶಿಯರ ಕಾಲ. ಅವರನ್ನೇ ನಂಬಿದ ಅಂಗಡಿಗಳಿಗೆ ಏಪ್ರಿಲ್ ಬಂದರೆ ಕೈ ಖಾಲಿ. ಅಂಥ ಒಂದು ಅಡುಗೆಮನೆಯನ್ನು ಏಪ್ರಿಲ್ 1ರಿಂದ ಮೇ 31ರವರೆಗೆ ಬಾಡಿಗೆಗೆ ಹಿಡಿಯುವುದು ಎರಡನೇ ಯೋಜನೆ. ಜಾಗ ಕಡಲ ಎದುರಿಗೆ ಬೇಡ. ಗಾಡಿ ನಿಲ್ಲುವ ಕಡೆಯಿಂದ ದೇವಸ್ಥಾನಕ್ಕೆ ನಡೆಯುವ ದಾರಿಯಲ್ಲಿ ಬೇಕು. ಊಟಕ್ಕೆ ಜಾಗ ಆರಿಸುವವನು ಸಾಮಾನ್ಯವಾಗಿ ಡ್ರೈವರ್. ಅವನ ಕಣ್ಣಿಗೆ ಬೀಳುವಂತೆ ಮೊಳದುದ್ದ ಅಕ್ಷರದಲ್ಲಿ "ಕೊಪ್ಪಳ ಖಾನಾವಳಿ, ಬಿಸಿ ಜೋಳದ ರೊಟ್ಟಿ" ಎಂದು ಬರೆದರೆ ಅರ್ಧ ಜಾಹೀರಾತು ಮುಗಿಯಿತು.

ಬಾಡಿಗೆ ಮಾತಾಡುವ ಮೊದಲು ಅಡುಗೆಮನೆ ಯಾವ ದಿಕ್ಕಿಗೆ ತೆರೆದಿದೆ ನೋಡಬೇಕು. ಇದು ಸಣ್ಣ ವಿಷಯವಲ್ಲ. ಮಧ್ಯಾಹ್ನದ ಹೊತ್ತಿಗೆ ಪಡುವಣದಿಂದ ಕಡಲಗಾಳಿ ಏಳುತ್ತದೆ, ಸಂಜೆವರೆಗೂ ಬೀಸುತ್ತದೆ. ಪಡುವಣಕ್ಕೆ ತೆರೆದ ಅಡುಗೆಮನೆಯಲ್ಲಿ ಒಲೆಯ ಉರಿ ಒಂದೇ ಬದಿಗೆ ವಾಲಿ ಹಂಚಿನ ಒಂದು ಮಗ್ಗುಲು ಕಾಯುವುದೇ ಇಲ್ಲ. ರೊಟ್ಟಿ ಒಂದು ಕಡೆ ಕರಿಕಾಗಿ ಇನ್ನೊಂದು ಕಡೆ ಹಸಿ ಉಳಿಯುತ್ತದೆ, ಉಬ್ಬುವುದಿಲ್ಲ. ತಪ್ಪು ರೊಟ್ಟಿ ಬಡಿದವಳದೆಂದು ಬೈಯುತ್ತಾರೆ, ತಪ್ಪು ಗಾಳಿಯದು. ರೊಟ್ಟಿ ಒಲೆ ಮೂಡಣ ಗೋಡೆಗೆ ಇರಲಿ, ಒಲೆಯ ಮೂರು ಬದಿಗೆ ಒಂದಡಿ ಎತ್ತರದ ಸ್ಟೀಲ್ ತಗಡು ನಿಲ್ಲಿಸಿ. ತಗಡು ಲಾರಿಯಲ್ಲಿ ವಾಪಸ್ ಬರುತ್ತದೆ.

ಈಗ ನಿಂತ ಖರ್ಚು, ಅಂದರೆ ಒಂದು ಊಟ ಹೋಗದಿದ್ದರೂ ಕೊಡಬೇಕಾದ್ದು. ಎರಡು ತಿಂಗಳ ಬಾಡಿಗೆ ₹70,000. ಏಳು ಜನ, ತಲಾ ದಿನಕ್ಕೆ ₹650ರಂತೆ, ಹೋಗಿಬರುವ ಮತ್ತು ತಯಾರಿಯ ದಿನ ಸೇರಿ 52 ದಿನಕ್ಕೆ ₹2,36,600. ಅವರು ಉಳಿಯುವ ಕೋಣೆಗಳಿಗೆ ₹16,000. ಸಾಮಾನು ಸಾಗಣೆ ₹36,000. ಕರೆಂಟು ₹12,000. ಪರವಾನಗಿ, ಬಣ್ಣ, ಸಣ್ಣ ರಿಪೇರಿ ಸೇರಿ ವಾಪಸ್ ಬರದ್ದು ₹25,000. ಒಟ್ಟು ₹3,95,600.

ಊಟದ ದರ ₹130. ಅದರಲ್ಲಿ ದಿನಸಿ, ತರಕಾರಿ, ಮೊಸರು ₹48, ಗ್ಯಾಸ್ ₹9, ನೀರು ಮತ್ತು ಎಲೆ ₹5. ಉಳಿಯುವುದು ₹68. ನಿಂತ ಖರ್ಚು ತೀರಲು 5,818 ಊಟ, ಅಂದರೆ ದಿನಕ್ಕೆ 130 ಬೇಕು. 45 ದಿನದಲ್ಲಿ 13 ಶನಿವಾರ-ಭಾನುವಾರ, 32 ನಡುದಿನ. ಶನಿವಾರ, ಭಾನುವಾರ ದಿನಕ್ಕೆ 200, ನಡುದಿನಕ್ಕೆ 90 ಎಂದು ಹಿಡಿದರೆ ಒಟ್ಟು 5,480 ಊಟ, 338 ಕಡಿಮೆ. ಊಟವೊಂದನ್ನೇ ನಂಬಿದರೆ ಇಪ್ಪತ್ಮೂರು ಸಾವಿರ ನಷ್ಟ.

ಆ ತೂತನ್ನು ಮುಚ್ಚುವುದು ಬೆಳಗಿನ ಮಂಡಕ್ಕಿ ವಗ್ಗರಣಿ-ಮಿರ್ಚಿ. ಬಾಡಿಗೆ ಅದೇ, ಒಲೆ ಅದೇ, ಜನ ಅದೇ. ಏಳರಿಂದ ಹತ್ತರವರೆಗೆ ಸುಮ್ಮನೆ ನಿಲ್ಲುವ ಅಡುಗೆಮನೆ ದುಡಿಯುತ್ತದೆ. ₹50ರ ಪ್ಲೇಟಿನಲ್ಲಿ ₹22 ಉಳಿದು ದಿನಕ್ಕೆ 70 ಪ್ಲೇಟ್ ಹೋದರೆ ಸೀಸನ್ನಿಗೆ ₹69,300. ಕರಾವಳಿಯ ತೇವಕ್ಕೆ ಗರಿಗರಿ ತಿಂಡಿಗಳೆಲ್ಲ ಸೋಲುತ್ತವೆ, ವಗ್ಗರಣಿ ಸೋಲುವುದಿಲ್ಲ, ಏಕೆಂದರೆ ಮಂಡಕ್ಕಿಯನ್ನು ನಾವೇ ಮೊದಲು ನೀರಲ್ಲಿ ಅದ್ದಿ ಹಿಂಡುತ್ತೇವೆ. ಇನ್ನೊಂದು, ಹತ್ತು ಖಡಕ್ ರೊಟ್ಟಿಗೆ ಚಟ್ನಿ ಪುಡಿ ಸೇರಿಸಿದ ₹120ರ ಪೊಟ್ಟಣ. ಮುಂದೆ ಮುರ್ಡೇಶ್ವರಕ್ಕೆ ಹೊರಟವರು ಕಟ್ಟಿಸಿಕೊಳ್ಳುತ್ತಾರೆ. ಪೊಟ್ಟಣಕ್ಕೆ ₹45 ಉಳಿದು ದಿನಕ್ಕೆ 25 ಹೋದರೆ ₹50,625. ಮೂರನ್ನೂ ಕೂಡಿಸಿ ನಿಂತ ಖರ್ಚು ಕಳೆದರೆ ಸುಮಾರು ₹97,000 ಉಳಿಯುತ್ತದೆ. ಇಷ್ಟೇ. ಬೇಸಿಗೆ ಎರಡು ತಿಂಗಳಲ್ಲಿ ವರ್ಷದ ಗಳಿಕೆ ಎಂಬ ಮಾತು ಹೇಳುವವರು ಈ ಲೆಕ್ಕ ಮಾಡಿರುವುದಿಲ್ಲ.

ರೊಟ್ಟಿ

ಇಡೀ ಯೋಜನೆಯ ಹುರಿ ಇಲ್ಲಿದೆ. ಕೊಪ್ಪಳದಲ್ಲಿ ಕೈಗೆ ಬಂದ ವಿದ್ಯೆ ಗೋಕರ್ಣದಲ್ಲಿ ಮೊದಲ ವಾರ ಕೈಕೊಡುತ್ತದೆ, ಕಾರಣ ಗಾಳಿಯ ತೇವ. ಬೇಸಿಗೆಯ ಮಧ್ಯಾಹ್ನ ಕೊಪ್ಪಳದ ಗಾಳಿಯಲ್ಲಿ ತೇವಾಂಶ ಶೇಕಡಾ 30ರ ಆಸುಪಾಸು ಇದ್ದರೆ ಕಡಲಂಚಿನಲ್ಲಿ 70ರ ಹತ್ತಿರ. ಊರಲ್ಲಿ ತಿಂಗಳುಗಟ್ಟಲೆ ಖಡಕ್ಕಾಗಿ ಕೂರುವ ರೊಟ್ಟಿ ಇಲ್ಲಿ ತೆರೆದ ಬುಟ್ಟಿಯಲ್ಲಿಟ್ಟರೆ ಊಟದ ಹೊತ್ತು ಮುಗಿಯುವುದರೊಳಗೆ ಚರ್ಮದಂತಾಗುತ್ತದೆ. ಪರೀಕ್ಷೆ ಸುಲಭ: ಬುಟ್ಟಿಯ ಮೇಲಿನ ರೊಟ್ಟಿ ಎತ್ತಿ ಎರಡು ಬೆರಳಲ್ಲಿ ಮುರಿಯಬೇಕು. ಚಟ್ಟನೆ ಸದ್ದಾದರೆ ಬಡಿಸಬಹುದು. ಸದ್ದಿಲ್ಲದೆ ಬಾಗಿದರೆ ಆ ಬುಟ್ಟಿ ಪೂರ್ತಿ ಮತ್ತೆ ಹಂಚಿಗೆ ಹೋಗಬೇಕು, ಸಣ್ಣ ಉರಿಯಲ್ಲಿ ಒಂದೊಂದು ಮಗ್ಗುಲಿಗೆ ಅರ್ಧ ನಿಮಿಷ.

ಆದ್ದರಿಂದ ಖಡಕ್ ರೊಟ್ಟಿ ಗೋಕರ್ಣದಲ್ಲಿ ಮಾಡುವ ವಸ್ತುವಲ್ಲ. ಅದು ಕೊಪ್ಪಳದ ಬಿಸಿಲಿನ ಮಾಲು. ಮಾಡಿ, ಒಣಗಿಸಿ, ಪೂರ್ತಿ ಆರಿದ ಮೇಲೆ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹತ್ತತ್ತು ಸೀಲ್ ಮಾಡಿ, ಐದೈದು ಚೀಲವನ್ನು ಒಂದು ತಗಡಿನ ಡಬ್ಬಿಗೆ ಹಾಕಿ ಕಳಿಸಬೇಕು. ಬಿಸಿ ಆರುವ ಮೊದಲು ಸೀಲ್ ಮಾಡುವುದು ಎಲ್ಲರೂ ಮಾಡುವ ತಪ್ಪು. ಒಳಗಿನ ಆವಿಯೇ ನೀರಾಗಿ ರೊಟ್ಟಿ ಮೆತ್ತಗಾಗುತ್ತದೆ, ನಾಲ್ಕನೇ ದಿನಕ್ಕೆ ಬೂಸ್ಟು ಹಿಡಿಯುತ್ತದೆ. ಗೋಕರ್ಣದಲ್ಲಿ ಡಬ್ಬಿ ತೆರೆದರೆ ಒಂದು ಹೊತ್ತಿಗೆ ಒಂದೇ ಚೀಲ ಬಿಚ್ಚಬೇಕು. ವಾರಕ್ಕೆರಡು ಸಲ ಸರ್ಕಾರಿ ಬಸ್ಸಿನ "ನಮ್ಮ ಕಾರ್ಗೋ" ಪಾರ್ಸೆಲ್ ಸೇವೆಯಲ್ಲಿ ಹಾಕಬಹುದು. ಹುಬ್ಬಳ್ಳಿಯಲ್ಲಿ ಬಸ್ಸು ಬದಲಾಗುವಾಗ ಡಬ್ಬಿ ಉರುಳುವುದರಿಂದ ನೂರಕ್ಕೆ ಐದಾರು ರೊಟ್ಟಿ ಮುರಿದೇ ಮುರಿಯುತ್ತವೆ ಎಂದು ಹಿಡಿಯಿರಿ. ಮುರುಕು ರೊಟ್ಟಿ ಬಿಸಾಡುವಂಥದ್ದಲ್ಲ. ಕುಟ್ಟಿ ವಗ್ಗರಣೆ ಹಾಕಿದರೆ ಕೆಲಸದವರಿಗೆ ಬೆಳಗಿನ ತಿಂಡಿ.

ಬಿಸಿ ರೊಟ್ಟಿಗೆ ಹಿಟ್ಟು ಒಯ್ಯಬೇಡಿ, ಜೋಳ ಒಯ್ಯಿರಿ. ಗೋಧಿಯಲ್ಲಿರುವ ಗ್ಲುಟೆನ್ ಜೋಳದಲ್ಲಿಲ್ಲ. ಕುದಿಯುವ ಎಸರು ಹಾಕಿದಾಗ ಪಿಷ್ಟ ಅರೆಬೆಂದು ಅಂಟು ಬರುವುದರಿಂದಲೇ ರೊಟ್ಟಿ ಹರಿಯದೆ ಅಗಲವಾಗುತ್ತದೆ. ಬೀಸಿದ ಹಿಟ್ಟು ಹಳತಾದಂತೆ ಜಿಗಿ ಹೋಗುತ್ತದೆ, ಅಂಚು ಬಿರಿಯುತ್ತದೆ, ಕಮಟು ವಾಸನೆ ಹಿಡಿಯುತ್ತದೆ. ಸೆಕೆಗೆ ಇದು ಇನ್ನೂ ಬೇಗ. ಮೂರು ದಿನಕ್ಕಿಂತ ಹೆಚ್ಚಿನ ಹಿಟ್ಟು ಬೀಸಿಡದಿದ್ದರೆ ಒಳ್ಳೆಯದು. ಕರಾವಳಿಯ ಗಿರಣಿಗಳಲ್ಲಿ ಬೀಳುವುದು ಹೆಚ್ಚಾಗಿ ಅಕ್ಕಿ, ಮೆಣಸಿನಕಾಯಿ, ಮಸಾಲೆ. ಹಿಂದಿನವರ ಮೆಣಸಿನ ಘಾಟು ನಿಮ್ಮ ಜೋಳಕ್ಕೆ ಬಂದರೆ ಆ ದಿನದ ರೊಟ್ಟಿ ಹೋಯಿತು. ಮನೆಯಲ್ಲಿ ಬಳಸುವ 1 ಎಚ್‌ಪಿ ಗಿರಣಿ ತಾಸಿಗೆ ಆರೇಳು ಕೆಜಿ ಬೀಸುತ್ತದೆ, ಸಿಂಗಲ್ ಫೇಸಿನಲ್ಲಿ ಓಡುತ್ತದೆ, ಲಾರಿಯಲ್ಲಿ ವಾಪಸ್ ಬರುತ್ತದೆ.

ಎಷ್ಟು ಬೇಕು? ಒಂದು ಊಟಕ್ಕೆ ಸರಾಸರಿ ಎರಡೂವರೆ ರೊಟ್ಟಿ. 5,480 ಊಟಕ್ಕೆ 13,700. ಅದರಲ್ಲಿ ಹತ್ತಕ್ಕೆ ಆರು ಬಿಸಿ, ಅಂದರೆ 8,220. ಒಂದು ಕೆಜಿ ಹಿಟ್ಟಿಗೆ 13 ಬಿಸಿ ರೊಟ್ಟಿ ಹಿಡಿದರೆ 630 ಕೆಜಿ ಜೋಳ, ದಿನಕ್ಕೆ 14 ಕೆಜಿ. ಮೂರು ಕಂತಿನಲ್ಲಿ ಒಯ್ಯುವುದು ಲೇಸು. ಕೊನೆಯ ಕಂತು ಮೇ 10ರ ನಂತರ ಬೇಡ. ಯಲಬುರ್ಗಾ, ಕುಕನೂರು ಕಡೆಯ ಎರೆಹೊಲದ ಹಿಂಗಾರಿ ಬಿಳಿಜೋಳ ಫೆಬ್ರುವರಿ-ಮಾರ್ಚ್‌ನಲ್ಲಿ ಕಣಕ್ಕೆ ಬರುವುದರಿಂದ ಹೊಸ ಮಾಲು ಸರಿಯಾದ ಹೊತ್ತಿಗೇ ಸಿಗುತ್ತದೆ. ಮಾಲದಂಡಿ ತಳಿ ಎಂದು ಕೇಳಿ ತರಬೇಕು. ಚೀಲಗಳನ್ನು ನೆಲಕ್ಕೆ ತಾಗದಂತೆ ಮರದ ಹಲಗೆಯ ಮೇಲೆ, ಗೋಡೆಯಿಂದ ಒಂದು ಗೇಣು ಬಿಟ್ಟು ಇಡಬೇಕು. ತೇವ ಕುಡಿದ ಜೋಳ ಗಿರಣಿಯಲ್ಲಿ ಮುದ್ದೆಯಾಗಿ ಕಟ್ಟಿಕೊಳ್ಳುತ್ತದೆ. ಬೀಸುವ ಹಿಂದಿನ ದಿನ ಎರಡು ತಾಸು ಬಿಸಿಲಿಗೆ ಹರಡಿದರೆ ತಪ್ಪುತ್ತದೆ. ಊರಲ್ಲಿ ಕೆಜಿ ಹಿಟ್ಟಿಗೆ ಒಂದು ಲೀಟರ್ ನೀರು ಹಾಕುವ ಕೈ ಇಲ್ಲಿ ಅರ್ಧ ಲೋಟ ಹಿಂದೆ ಇಟ್ಟುಕೊಂಡೇ ನಾದಬೇಕು, ಹಿಟ್ಟು ಮೊದಲೇ ಸ್ವಲ್ಪ ಕುಡಿದಿರುತ್ತದೆ.

ಇನ್ನು ವೇಗ. ಮಧ್ಯಾಹ್ನ ಒಂದು ಗಂಟೆಗೆ ದರ್ಶನ ಮುಗಿಸಿ ಮೂರು ಕ್ರೂಸರ್ ಒಮ್ಮೆಗೇ ಬಂದವು ಅಂದುಕೊಳ್ಳಿ. 36 ಜನ, 32 ಕುರ್ಚಿ. ಮೊದಲ ಕಾಲು ತಾಸಿನಲ್ಲಿ 72 ರೊಟ್ಟಿ ಬೇಕು. ನುರಿತ ಕೈ ತಾಸಿಗೆ 40 ರೊಟ್ಟಿ ಬಡಿದು ಬೇಯಿಸುತ್ತದೆ, ಮೂವರು ಸೇರಿ ಕಾಲು ತಾಸಿಗೆ 30. ಉಳಿದ 42 ಎಲ್ಲಿಂದ? ಹನ್ನೊಂದೂವರೆಗೇ ಶುರುಮಾಡಿ 60 ಬಿಸಿ ರೊಟ್ಟಿ ಬಟ್ಟೆ ಹಾಸಿದ ಬುಟ್ಟಿಯಲ್ಲಿ ಇರಬೇಕು. ಬಡಿಸುವಾಗ ಮೊದಲು ಅರ್ಧ ಖಡಕ್ ರೊಟ್ಟಿ, ಚಟ್ನಿ, ಉಳ್ಳಾಗಡ್ಡಿ ಎಲೆಗೆ ಬೀಳಲಿ. ಅದನ್ನು ಮುರಿದು ಬಾಯಿಗೆ ಹಾಕುವಷ್ಟರಲ್ಲಿ ಬಿಸಿಯದು ಬಂದರೆ ಯಾರೂ ಕೂಗುವುದಿಲ್ಲ. ಹಸಿದವರನ್ನು ಖಾಲಿ ಎಲೆಯ ಮುಂದೆ ಕೂರಿಸುವಷ್ಟು ಕೆಟ್ಟದ್ದು ಖಾನಾವಳಿಯಲ್ಲಿ ಇನ್ನೊಂದಿಲ್ಲ.

ಹಂಚಿನ ವಿಷಯವೂ ಇದೆ. ಉಪ್ಪುಗಾಳಿಗೆ ಕಬ್ಬಿಣದ ಹಂಚು ಒಂದೇ ರಾತ್ರಿಯಲ್ಲಿ ಕೆಂಪು ತುಕ್ಕು ಹಿಡಿಯುತ್ತದೆ. ಎಣ್ಣೆ ಸವರಿಟ್ಟರೆ ಬೆಳಗಿನ ಮೊದಲ ರೊಟ್ಟಿಗಳಿಗೆ ಹೊಗೆವಾಸನೆ. ರಾತ್ರಿ ಕೊನೆಯ ಉರಿಯಲ್ಲಿ ಒಣಗಿಸಿ, ಒಣ ಜೋಳದ ಹಿಟ್ಟು ಉದುರಿಸಿ ಒರೆಸಿ, ಬೆಚ್ಚಗಿರುವಾಗಲೇ ಪೇಪರಿನಲ್ಲಿ ಸುತ್ತಿ ಡಬ್ಬಿಯಲ್ಲಿಡುವುದು ಸರಿಯಾದ ದಾರಿ.

ಎಲೆಯ ಮೇಲೆ ಏನು

ಎಣ್ಣೆಗಾಯಿ, ಕಾಳುಪಲ್ಯ, ಒಂದು ಸೊಪ್ಪು, ಚಟ್ನಿ, ಮೊಸರು, ಅನ್ನ, ಸಾರು. ಬಗೆ ಹೆಚ್ಚಿದಷ್ಟೂ ಉಳಿದು ಹಳಸುವುದು ಹೆಚ್ಚು. ಅಕ್ಕಿ ಮಾತ್ರ ಗಂಗಾವತಿಯ ಸೋನಾ ಮಸೂರಿಯೇ ಹೋಗಲಿ.

ಎಲ್ಲವನ್ನೂ ಊರಿಂದ ಹೊರಬೇಕಿಲ್ಲ. ಕುಮಟಾದ ಅಳವೇಕೋಡಿ ಕಡೆ ಹೆದ್ದಾರಿ ಬದಿಯಲ್ಲಿ ಬೇಸಿಗೆಗೆ ಜಡೆ ಹೆಣೆದು ತೂಗುಹಾಕುವ ಸಿಹಿ ಉಳ್ಳಾಗಡ್ಡಿ ರೊಟ್ಟಿಯ ಜೊತೆ ಹಸಿಯಾಗಿ ತಿನ್ನಲೆಂದೇ ಬೆಳೆದಂತಿದೆ. ಅಂಕೋಲಾದ ಕರಿ ಈಶಾಡ ಮಾವು ಮೇ ತಿಂಗಳಲ್ಲಿ ಬರುತ್ತದೆ. ಅದರ ಸೀಕರಣಿ ಒಂದು ವಾಟಿ ₹40ಕ್ಕೆ ಬೇರೆಯಾಗಿ ಇಟ್ಟರೆ ನಮ್ಮ ಕಡೆಯವರು ಬೇಡ ಅನ್ನುವುದಿಲ್ಲ. ಮಜ್ಜಿಗೆಯ ಜೊತೆ ಮುರುಗಲು ಶರಬತ್ತು ಇರಲಿ. ಸೊಪ್ಪನ್ನು ಬೆಳಿಗ್ಗೆ ಬುಟ್ಟಿ ಹೊತ್ತು ಬರುವ ಸ್ಥಳೀಯ ಹೆಂಗಸರಿಂದಲೇ ಕೊಳ್ಳಬೇಕು. ಬದನೆಕಾಯಿ ಮಾತ್ರ ಊರಿನ ಮುಳ್ಳುಗಾಯಿಯೇ ಬೇಕು. ಅದು ಘಟ್ಟದ ತಿರುವುಗಳಲ್ಲಿ ಜಜ್ಜಿ ಹೋಗುವುದರಿಂದ ಚೀಲದಲ್ಲಲ್ಲ, ಪ್ಲಾಸ್ಟಿಕ್ ಕ್ರೇಟಿನಲ್ಲಿ, ರಾತ್ರಿ ಒಂಬತ್ತಕ್ಕೆ ಹೊರಟು ನಸುಕಿಗೆ ತಲುಪುವ ಗಾಡಿಯಲ್ಲಿ ಬರಬೇಕು.

ನೀರು, ಗ್ಯಾಸು, ಕಾಗದ

ಕಡಲಂಚಿನ ಬಾವಿ ಏಪ್ರಿಲ್ ಮುಗಿಯುವ ಹೊತ್ತಿಗೆ ಉಪ್ಪಾಗಬಹುದು. ಮಾರ್ಚ್‌ನಲ್ಲಿ ಕುಡಿದು ನೋಡಿ ಒಪ್ಪಿದ ನೀರು ಮೇ ತಿಂಗಳಲ್ಲಿ ಅದೇ ನೀರಲ್ಲ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂ, ಕ್ಲೋರೈಡ್ 250 ಮಿಲಿಗ್ರಾಂ ಒಪ್ಪುವ ಮಿತಿ. ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರನ್ನು ವಾರಕ್ಕೊಮ್ಮೆ ಅದ್ದಿ ನೋಡಬೇಕು. ಗಡಸು ನೀರಿನಲ್ಲಿ ಬೇಳೆ, ಮಡಿಕೆಕಾಳು ಬೇಗ ಬೇಯುವುದಿಲ್ಲ. ಅಡುಗೆಯವನು ಸೋಡಾ ಹಾಕುತ್ತಾನೆ, ಸಾರಿನ ರುಚಿ ಹೋಗುತ್ತದೆ, ಗ್ಯಾಸೂ ಹೆಚ್ಚು ಉರಿಯುತ್ತದೆ. ಅಡುಗೆಗೂ ಎಸರಿಗೂ ಕ್ಯಾನ್ ನೀರನ್ನೇ ಲೆಕ್ಕ ಹಾಕಿಕೊಳ್ಳಿ. ತೊಳೆಯಲು, ಬಳಸಲು ಕುರ್ಚಿಗೆ ದಿನಕ್ಕೆ 70 ಲೀಟರ್ ಎಂಬುದು ಕಟ್ಟಡ ಸಂಹಿತೆಯ ಅಳತೆ. 32 ಕುರ್ಚಿಗೆ 2,240 ಲೀಟರ್. ಮನೆಯ 1,000 ಲೀಟರ್ ಟ್ಯಾಂಕ್ ಭಾನುವಾರ ಎರಡು ಗಂಟೆಗೆ ಖಾಲಿಯಾಗುತ್ತದೆ.

ಗ್ಯಾಸ್ 19 ಕೆಜಿಯ ವಾಣಿಜ್ಯ ಸಿಲಿಂಡರೇ ಆಗಬೇಕು. ಒಂದು ಊಟಕ್ಕೆ ನೂರು ಗ್ರಾಂ ಹಿಡಿದರೆ 190 ಊಟಕ್ಕೆ ಒಂದು ಸಿಲಿಂಡರ್. ಶುಕ್ರವಾರ ಸಂಜೆ ತುಂಬಿದವು ಮೂರು ಇಲ್ಲದಿದ್ದರೆ ಭಾನುವಾರ ಒಲೆ ಆರುತ್ತದೆ. ಸ್ಥಳೀಯ ವಿತರಕರ ಬಳಿ ಮಾರ್ಚ್‌ನಲ್ಲೇ ಠೇವಣಿ ಕಟ್ಟಿ ರಸೀದಿ ಇಟ್ಟುಕೊಳ್ಳಬೇಕು.

ಆಹಾರ ಸುರಕ್ಷತೆಯ ನೋಂದಣಿ ಅಥವಾ ಪರವಾನಗಿ ಜಾಗಕ್ಕೆ ಕೊಡುವಂಥದ್ದು, ಮಾಲೀಕನಿಗಲ್ಲ. ಕೊಪ್ಪಳದ ಪತ್ರವನ್ನು ಗೋಕರ್ಣದ ಗೋಡೆಗೆ ನೇತುಹಾಕಿದರೆ ನಡೆಯುವುದಿಲ್ಲ. ಹೊಸ ಜಾಗಕ್ಕೆ ಬೇರೆ ಅರ್ಜಿ, ಕೆಲಸದವರ ವೈದ್ಯಕೀಯ ಪ್ರಮಾಣಪತ್ರ, ಟೈಫಾಯ್ಡ್ ಲಸಿಕೆ ಎಲ್ಲವೂ ಬೇಕು. ಸೀಲ್ ಮಾಡಿದ ರೊಟ್ಟಿ ಪೊಟ್ಟಣದ ಮೇಲೆ ಹೆಸರು, ಪದಾರ್ಥ, ತೂಕ, ತಯಾರಿಸಿದ ದಿನ, ಪರವಾನಗಿ ಸಂಖ್ಯೆ ಇರುವ ಲೇಬಲ್ ಹಚ್ಚಬೇಕು. ವ್ಯಾಪಾರ ಪರವಾನಗಿಯನ್ನು ಸ್ಥಳೀಯ ಸಂಸ್ಥೆ ಕೊಡುತ್ತದೆ. ಕರೆಂಟು ಕೊಡುವ ಕಂಪನಿ ಕೊಪ್ಪಳದಲ್ಲಿ ಜೆಸ್ಕಾಂ, ಇಲ್ಲಿ ಹೆಸ್ಕಾಂ. ಮೀಟರ್ ವಾಣಿಜ್ಯ ದರದಲ್ಲಿದೆಯೇ ಎಂದು ಹಳೆಯ ಬಿಲ್ಲು ನೋಡಿ, ಕೀಲಿ ಪಡೆದ ದಿನ ರೀಡಿಂಗಿನ ಫೋಟೋ ತೆಗೆದು ಮಾಲೀಕರಿಗೆ ಕಳಿಸಿ.

ಹೆಚ್ಚಿನವರು ಎಡವುವುದು ಜಿಎಸ್‌ಟಿಯಲ್ಲಿ. ಸೇವೆಗಳ ನೋಂದಣಿಗೆ ವರ್ಷಕ್ಕೆ 20 ಲಕ್ಷ ವಹಿವಾಟಿನ ಮಿತಿ ಅಂಗಡಿಗಲ್ಲ, ಪ್ಯಾನ್‌ಗೆ. ಊರಿನ ಖಾನಾವಳಿಯ 13 ಲಕ್ಷಕ್ಕೆ ಇಲ್ಲಿಯ ಊಟ, ವಗ್ಗರಣಿ, ಪೊಟ್ಟಣ ಸೇರಿದ ಹತ್ತು ಲಕ್ಷ ಕೂಡಿದರೆ 23. ಮಿತಿ ದಾಟಿದ ಮೇಲೆ ಹೋಟೆಲಿಗೆ ಶೇಕಡಾ 5. ಅದನ್ನು ₹130ರ ಒಳಗೇ ಸೇರಿಸಿದರೆ ಊಟಕ್ಕೆ ₹6.19, ಇಡೀ ಸೀಸನ್ನಿನ ಊಟಕ್ಕೆ ₹34,000 ಹತ್ತಿರ. ಮೇಲಿನ ₹97,000ದಲ್ಲಿ ಮೂರರಲ್ಲೊಂದು ಪಾಲು ಇದು. ಆದ್ದರಿಂದ ದರಪಟ್ಟಿ ಬರೆಯುವ ಮೊದಲೇ ಲೆಕ್ಕ ಪರಿಶೋಧಕರ ಬಳಿ ಕೂತು, ತೆರಿಗೆ ಬೇರೆಯೋ ಒಳಗೋ ಎಂದು ತೀರ್ಮಾನಿಸಬೇಕು.

ಕೈಗಳು

ರೊಟ್ಟಿ ಬಡಿಯುವವರು ಸಿಗದಿದ್ದರೆ ಮೇಲಿನದೆಲ್ಲ ಬರೀ ಕಾಗದ. ಮನೆ, ಮಕ್ಕಳು, ದನ ಬಿಟ್ಟು 52 ದಿನ ಹೋಗಿರುವುದು ಯಾವ ಹೆಣ್ಣುಮಗಳಿಗೂ ಹಗುರದ ಮಾತಲ್ಲ. ಅದರ ಮೇಲೆ ಏಪ್ರಿಲ್-ಮೇ ಎಂದರೆ ಲಗ್ನದ ಕಾಲ, ಬಸವ ಜಯಂತಿ. ಆರು ಜನರನ್ನು ಗೊತ್ತುಮಾಡಿ ಮೂವರಂತೆ 26 ದಿನದ ಎರಡು ಸರದಿ ಮಾಡಿದರೆ ಹೆಚ್ಚುವರಿ ಖರ್ಚು ಬಸ್ ಚಾರ್ಜು ಮಾತ್ರ. ಒಳಗಿನಿಂದ ಚಿಲಕವಿರುವ ಕೋಣೆ, ಬೇರೆ ಶೌಚಾಲಯ, ವಾರಕ್ಕೊಂದು ರಜೆ, ಮನೆಗೆ ಮುಂಗಡ: ಇವು ಉಪಕಾರವಲ್ಲ, ಕರಾರಿನಲ್ಲಿ ಬರೆಯಬೇಕಾದ ಮಾತುಗಳು. ₹16,000 ಕೋಣೆ ಬಾಡಿಗೆ ಉಳಿಸಲು ಅಂಗಡಿಯ ಅಟ್ಟದಲ್ಲೇ ಮಲಗಿಸಿದವರು ಎರಡನೇ ವಾರ ಕೈಗಳನ್ನು ಕಳೆದುಕೊಳ್ಳುತ್ತಾರೆ, ಅದು ನ್ಯಾಯವೇ.

ಊರಲ್ಲಿ 40 ಡಿಗ್ರಿ ಬಿಸಿಲಿಗೆ ಒಗ್ಗಿದವರು ಇಲ್ಲಿಯ 33ಕ್ಕೆ ಸುಸ್ತಾಗುತ್ತಾರೆ. ಬೆವರು ಆರುವುದೇ ಇಲ್ಲ, ಮೈ ತಣಿಯುವುದಿಲ್ಲ, ತೊಡೆ ಕಂಕುಳಲ್ಲಿ ಕೆಂಪಾಗಿ ತುರಿಕೆ ಏಳುತ್ತದೆ. ಮೊದಲ ಐದು ದಿನ ತಾಸಿಗೆ 40ರ ಬದಲು 30 ರೊಟ್ಟಿ ಎಂದೇ ಹಿಡಿಯಬೇಕು. ರೊಟ್ಟಿ ಒಲೆಯ ಹಿಂದೆ ಗೋಡೆಗೆ ಹೊರದೂಡುವ ಫ್ಯಾನ್, ಕೈಗೆಟಕುವಲ್ಲಿ ಉಪ್ಪು ಹಾಕಿದ ಮಜ್ಜಿಗೆ ಇರಲಿ. ಏಪ್ರಿಲ್ 9ಕ್ಕೆ ತಂಡ ತಲುಪಿ ನಾಲ್ಕು ದಿನ ಅರ್ಧ ಅಡುಗೆಯಲ್ಲಿ ಪಳಗಿ, 14ಕ್ಕೆ ಬಾಗಿಲು ತೆರೆಯುವುದು ಇದಕ್ಕಾಗಿ.

ಮುಚ್ಚುವ ದಿನ

ಮೇ 28. ಆ ವಾರವೇ ಶಾಲೆಗಳು ತೆರೆಯುವ ತಯಾರಿ ಶುರುವಾಗುತ್ತದೆ, ಕ್ರೂಸರುಗಳು ನಿಲ್ಲುತ್ತವೆ. ಮೇ 25ಕ್ಕೆ ರೋಹಿಣಿ ಹೂಡಿದ ಮೇಲೆ ಊರಿನ ಹೊಲಗಳು ಕೆಲಸದವರನ್ನು ಕರೆಯುತ್ತವೆ. ಬಿತ್ತನೆಯ ಹೊತ್ತಿಗೆ ಯಾರನ್ನೂ ಹಿಡಿದಿಡಲಾಗದು. ಕರಾವಳಿಗೆ ಮುಂಗಾರು ಮುಟ್ಟುವುದು ವಾಡಿಕೆಯಲ್ಲಿ ಜೂನ್ ಮೊದಲ ವಾರ, ಯಾಂತ್ರಿಕ ಮೀನುಗಾರಿಕೆ ಜೂನ್ 1ರಿಂದ 61 ದಿನ ಬಂದ್.

ಆದರೆ ಮಳೆ ವಾಡಿಕೆ ನೋಡಿ ಬರುವುದಿಲ್ಲ. 2021ರಲ್ಲಿ ತೌಕ್ತೆ ಚಂಡಮಾರುತ ಮೇ ಮಧ್ಯದಲ್ಲೇ ಈ ತೀರವನ್ನು ಉಜ್ಜಿಕೊಂಡು ಹೋಯಿತು. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು. ಒಂದು ವಾರ ಮೊದಲೇ ಬಾಗಿಲು ಹಾಕಬೇಕಾದರೆ ಎಷ್ಟು ಹೋಗುತ್ತದೆ? ಐದು ನಡುದಿನ, ಒಂದು ಶನಿವಾರ, ಒಂದು ಭಾನುವಾರ: 850 ಊಟಕ್ಕೆ ₹57,800, ವಗ್ಗರಣಿಗೆ ₹10,780, ಪೊಟ್ಟಣಕ್ಕೆ ₹7,875. ಒಟ್ಟು ₹76,455. ₹97,000ದಲ್ಲಿ ಉಳಿಯುವುದು ಇಪ್ಪತ್ತು ಸಾವಿರ ಚಿಲ್ಲರೆ, ತೆರಿಗೆ ಒಳಗಿದ್ದರೆ ಅದೂ ಇಲ್ಲ. ಇದಕ್ಕೆ ಎರಡು ಮದ್ದು. ಬಾಡಿಗೆಯನ್ನು ಒಮ್ಮೆಗೇ ಕೊಡದೆ ಕೊನೆಯ ಹದಿನೈದು ದಿನದ ₹17,500ನ್ನು ಮೇ 16ಕ್ಕೆ ಕೊಡುವ ಕರಾರು, ಹವಾಮಾನ ಇಲಾಖೆಯ ಎಚ್ಚರಿಕೆ ಬಂದರೆ ಬಿಡುವ ಹಕ್ಕಿನೊಂದಿಗೆ. ಮೇ 20ರ ನಂತರ ದಿನಸಿಯನ್ನು ಎರಡು ದಿನಕ್ಕಾಗುವಷ್ಟೇ ಕೊಳ್ಳುವುದು. ಕರಾರು ಸಾಧ್ಯವಾಗದಿದ್ದರೆ ಈ ಕೆಲಸಕ್ಕೆ ಇಳಿಯದಿರುವುದೇ ಒಳ್ಳೆಯದೆಂದು ನಮ್ಮ ಅಭಿಪ್ರಾಯ.

29 ಮತ್ತು 30ರಂದು ಕಟ್ಟುವ ಕೆಲಸ. ಗಿರಣಿಯ ಕಲ್ಲು ಬಿಚ್ಚಿ ಒಣಬಟ್ಟೆಯಲ್ಲಿ ಒರೆಸಬೇಕು. ಒಳಗೆ ಉಳಿದ ಹಿಟ್ಟಿಗೆ ಮಳೆಗಾಲದಲ್ಲಿ ಹುಳು ಬೀಳುತ್ತದೆ. ಹಂಚುಗಳಿಗೆ ಈಗ ದಪ್ಪಗೆ ಎಣ್ಣೆ ಸವರಬಹುದು. ಫ್ರಿಜ್ಜಿನ ಹಿಂಬದಿಯ ಜಾಲರಿಯನ್ನು ಸಿಹಿನೀರಲ್ಲಿ ತೊಳೆದು ಒಣಗಿಸದಿದ್ದರೆ ಅಂಟಿದ ಉಪ್ಪು ಕೊಪ್ಪಳದಲ್ಲೂ ತಿನ್ನುತ್ತಲೇ ಇರುತ್ತದೆ. ಖಾಲಿ ಸಿಲಿಂಡರ್ ಮರಳಿಸಿ ಠೇವಣಿ ಪಡೆದು, ಮೀಟರಿನ ಎರಡನೇ ಫೋಟೋ ತೆಗೆದು, ಕೀಲಿಯನ್ನು ಸಹಿ ಪಡೆದೇ ಒಪ್ಪಿಸಬೇಕು. ಬೋರ್ಡು ಕೊನೆಗೆ ಇಳಿಯಲಿ, ಲಾರಿಯಲ್ಲಿ ಎಲ್ಲಕ್ಕಿಂತ ಮೇಲೆ ಅಂಗಾತ ಮಲಗಲಿ. ಬರುವ ಏಪ್ರಿಲ್‌ಗೆ ಅದೇ ಬೋರ್ಡು.